ಹತ್ತು ಪಿನ್ನುಗಳ ಭಾಗ್ಯ

ಬೌಲಿಂಗ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕ್ರಿಕೆಟ್. ನಾನು ಹೇಳಹೊರಟಿರುವುದು ಅಮೆರಿಕದ ಬೌಲಿಂಗಿನ ಮಾತು: 60 ಅಡಿ ಉದ್ದದ ನುಣುಪಾದ ಹಾಸಿನ ಮೇಲೆ ಭಾರವಾದ ಚೆಂಡನ್ನು ಉರುಳಿಸಿ ಹತ್ತು ಪಿನ್ನುಗಳನ್ನು ಕೆಡಹುವ ಆಟ.

1958ರಲ್ಲಿ ಓಹಾಯೋ ಪ್ರಾಂತದ ಏಕ್ರನ್ ನಗರದ ವಕೀಲ ಎಡ್ಡಿ ಎಲಿಯಾಸನ ಕರೆಗೆ ಓಗೊಟ್ಟು 33 ಮಂದಿ ಆಟಗಾರರು ತಲೆಗೆ 50 ಡಾಲರ್ ಹಾಕಿ ವೃತ್ತಿಪರರ ಸಂಘವನ್ನು ಕಟ್ಟಿದರು. ಶನಿವಾರದ ಅಪರಾಹ್ನಗಳಲ್ಲಿ ಟೆಲಿವಿಷನ್ ಅವರ ಆಟವನ್ನು ಮನೆಮನೆಗೆ ಒಯ್ದಿತು. 1964ರಲ್ಲಿ ಚೆಂಡು ತಯಾರಿಸುವ ಎಬೊನೈಟ್ ಸಂಸ್ಥೆಯು ತನ್ನ ಪ್ರಚಾರಕ್ಕಾಗಿ ಡಾನ್ ಕಾರ್ಟರನೊಡನೆ ಹತ್ತು ಲಕ್ಷ ಡಾಲರುಗಳ ಒಪ್ಪಂದ ಮಾಡಿಕೊಂಡಿತು. 1975ರಲ್ಲಿ ಅರ್ಲ್ ಆಂಥನಿಯು ಒಂದೇ ವರ್ಷದಲ್ಲಿ ಲಕ್ಷ ಡಾಲರ್ ಬಹುಮಾನ ಗಳಿಸಿದ ಮೊದಲ ಬೌಲರನಾದನು.

ಅನಂತರ ನೋಡುವವರು ಕಡಿಮೆಯಾದರು. 1997ರಲ್ಲಿ ಎಬಿಸಿ ವಾಹಿನಿಯ ಪ್ರಸಾರ ನಿಂತಿತು. 2000ದಲ್ಲಿ ಮೈಕ್ರೋಸಾಫ್ಟಿನ ಮೂವರು ಮಾಜಿ ಅಧಿಕಾರಿಗಳು ಸಂಘವನ್ನೇ ಕೊಂಡರು. 2019ರಲ್ಲಿ ಅದು ಬೌಲಿಂಗ್ ಅಂಗಣಗಳ ಒಡೆಯನಾದ ಬೊಲೆರೊ ಸಂಸ್ಥೆಗೆ ಮಾರಾಟವಾಯಿತು. ತಾವೇ ಕಟ್ಟಿದ ಮನೆಯಲ್ಲಿ ಆಟಗಾರರು ಬಾಡಿಗೆದಾರರಾದರು.

ಅವರ ಕೈಚಳಕ ಕುಂದಿತೆ? ಹಾಗೆನ್ನಲಾರೆ. ಪ್ರಸಾರ ನಿಂತ ಮೇಲೂ ಗೆಲ್ಲುತ್ತ ಹೋದ ಕಿರಿಯ ವಾಲ್ಟರ್ ರೇ ವಿಲಿಯಮ್ಸನು ಒಟ್ಟು 47 ಪ್ರಶಸ್ತಿಗಳನ್ನು ಪಡೆದನು. ಹಾಸಿನ ಉದ್ದ ಅಷ್ಟೇ ಉಳಿಯಿತು, ಪಿನ್ನುಗಳೂ ಹತ್ತೇ. ಆಟಗಾರನು ಪಿನ್ನುಗಳನ್ನು ಬೀಳಿಸಬಲ್ಲನು. ಎದ್ದುಹೋದ ಪ್ರೇಕ್ಷಕನನ್ನು ಮರಳಿ ಕೂರಿಸುವುದು ಅವನ ಕೈಯಲ್ಲಿರಲಿಲ್ಲ.