ಮೌನ ಮತ್ತು ಕೃತಜ್ಞತೆ: ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ದೈವಾನ್ವೇಷಣೆ

೧

ಒಂದೇ ಧರ್ಮಗ್ರಂಥವನ್ನು ಪ್ರಮಾಣವಾಗಿ ಹಿಡಿದವರು ಪರಸ್ಪರ ವಿರುದ್ಧವಾದ ಸಿದ್ಧಾಂತಗಳನ್ನು ಬೋಧಿಸತೊಡಗಿದಾಗ ಪ್ರಾಮಾಣಿಕನಾದ ಶ್ರದ್ಧಾಳು ಯಾರ ಮಾತನ್ನು ನಂಬಬೇಕು? ಈ ಪ್ರಶ್ನೆ ಅನೇಕ ಮತಗಳ ಚರಿತ್ರೆಯಲ್ಲಿ ಒಂದಲ್ಲ ಒಂದು ಕಾಲದಲ್ಲಿ ತಲೆದೋರಿದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ಪಂಡಿತರ ಜಿಜ್ಞಾಸೆಯಾಗಿ ಮಾತ್ರ ಉಳಿಯಲಿಲ್ಲ. ತಪ್ಪು ಬೋಧನೆಯನ್ನು ನಂಬಿದರೆ ಆತ್ಮಕ್ಕೆ ನಿತ್ಯನಾಶವೆಂಬ ಭಯ ಒಂದು ಕಡೆ, ಸರಿಯೆಂದು ಕಂಡುದನ್ನು ನಂಬಿದರೆ ಸೆರೆಮನೆಯೆಂಬ ಭಯ ಇನ್ನೊಂದು ಕಡೆ ಇದ್ದುದರಿಂದ, ನೇಕಾರನಿಗೂ ಒಕ್ಕಲಿಗನಿಗೂ ಗೃಹಿಣಿಗೂ ಅದು ಜೀವನ್ಮರಣದ ಪ್ರಶ್ನೆಯಾಯಿತು.

ಈ ಪ್ರಶ್ನೆಗೆ ಅಂದು ದೊರೆತ ಉತ್ತರಗಳಲ್ಲಿ ಎರಡನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗುವುದು. ಒಂದು, ಕ್ವೇಕರರೆಂದು ಹೆಸರಾದ ಮಿತ್ರಸಮಾಜದವರ ಮೌನಾರಾಧನೆ. ಇನ್ನೊಂದು, ಥಾಮಸ್ ಟ್ರಹರ್ನನೆಂಬ ಗ್ರಾಮಪಾದ್ರಿ ತನ್ನ ಬರಹಗಳಲ್ಲಿ ನಿರೂಪಿಸಿದ ಕೃತಜ್ಞತೆಯ ಸಾಧನೆ. ಮೇಲ್ನೋಟಕ್ಕೆ ಇವೆರಡೂ ವಾದದಿಂದ ತಪ್ಪಿಸಿಕೊಳ್ಳುವ ಉಪಾಯಗಳಂತೆ ತೋರುತ್ತವೆ. ಅವು ಹಾಗಲ್ಲವೆಂದೂ, ಬೋಧನೆಗಳನ್ನು ಉಜ್ಜಿ ನೋಡಲು ಬೇರೊಂದು ಒರೆಗಲ್ಲನ್ನು ಒದಗಿಸಿದುವೆಂದೂ, ಆ ಒರೆಗಲ್ಲಿಗೂ ಅದರದೇ ಆದ ಅಪಾಯಗಳು ಇದ್ದುವೆಂದೂ ತೋರಿಸುವುದು ಇಲ್ಲಿಯ ಉದ್ದೇಶ.

೨

ಕಲಹದ ಸ್ವರೂಪವನ್ನು ಮೊದಲು ತಿಳಿಯಬೇಕು. ಗ್ರೀಕ್ ಭಾಷೆಯ ‘ಯೂಕರಿಸ್ತಿಯ’ ಎಂಬ ಪದಕ್ಕೆ ಕೃತಜ್ಞತಾಸಮರ್ಪಣೆ ಎಂದರ್ಥ. ಯೇಸು ತನ್ನ ಶಿಷ್ಯರೊಡನೆ ಕಡೆಯ ಊಟಕ್ಕೆ ಕುಳಿತಾಗ ರೊಟ್ಟಿಯನ್ನು ತೆಗೆದುಕೊಂಡು, ದೇವರಿಗೆ ಸ್ತೋತ್ರ ಸಲ್ಲಿಸಿ, ಅದನ್ನು ಮುರಿದು ಹಂಚಿದನೆಂಬ ಸ್ಮರಣೆಯಿಂದ ಕ್ರೈಸ್ತರ ಪ್ರಭುಭೋಜನ ಸಂಸ್ಕಾರಕ್ಕೆ ಈ ಹೆಸರು ಬಂದಿತು. ಚರಿತ್ರೆಯ ವಿಪರ್ಯಾಸವೆಂದರೆ, ಕೃತಜ್ಞತೆಯ ಹೆಸರನ್ನು ಹೊತ್ತ ಈ ಸಂಸ್ಕಾರವೇ ಕಲಹದ ಕೇಂದ್ರವಾದುದು. ೧೫೨೯ರಲ್ಲಿ ಜರ್ಮನಿಯ ಮಾರ್ಬರ್ಗಿನಲ್ಲಿ ಲೂಥರನೂ ಸ್ವಿಂಗ್ಲಿಯೂ ಕಲೆತು ಹದಿನೈದು ವಿಷಯಗಳ ಪೈಕಿ ಹದಿನಾಲ್ಕರಲ್ಲಿ ಒಮ್ಮತಕ್ಕೆ ಬಂದರು. ಪ್ರಭುಭೋಜನವನ್ನು ಕುರಿತ ಹದಿನೈದನೆಯದರಲ್ಲಿ, ರೊಟ್ಟಿಯಲ್ಲಿ ಕ್ರಿಸ್ತನ ಶರೀರವು ನಿಜವಾಗಿಯೂ ಇರುವುದೇ ಇಲ್ಲವೇ ಎಂಬ ಒಂದು ಅಂಶದಲ್ಲಿ, ಮತ ಕೂಡದೆ ಬೇರ್ಪಟ್ಟರು.

ಇದೇ ಸಂಸ್ಕಾರವನ್ನು ಕುರಿತ ವಿವಾದ ಇಂಗ್ಲೆಂಡಿನಲ್ಲಿ ಮೇಜಿನ ಸ್ಥಾನದವರೆಗೂ ಇಳಿಯಿತು. ೧೬೩೩ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾದ ವಿಲಿಯಂ ಲಾಡನು ಭೋಜನದ ಮೇಜನ್ನು ಚರ್ಚಿನ ಪೂರ್ವದಿಕ್ಕಿಗೆ ಸೇರಿಸಿ ಅದಕ್ಕೆ ಕಟಕಟೆ ಹಾಕಿಸಬೇಕೆಂದು ಒತ್ತಾಯಪಡಿಸಿದನು. ಪ್ಯೂರಿಟನರ ಕಣ್ಣಿಗೆ ಇದು ರೋಮನ್ ಪದ್ಧತಿಯ ಪುನರಾಗಮನವಾಗಿ ಕಂಡಿತು. ೧೬೪೨ರಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ಹೊತ್ತಿಕೊಂಡಿತು. ೧೬೪೫ರಲ್ಲಿ ಲಾಡನ ಶಿರಚ್ಛೇದವಾಯಿತು. ಅದೇ ವರ್ಷ ಸಾಮಾನ್ಯ ಪ್ರಾರ್ಥನಾ ಪುಸ್ತಕಕ್ಕೆ ನಿಷೇಧ ಬಿದ್ದಿತು. ೧೬೪೬ರಲ್ಲಿ ಬಿಷಪ್ಪರ ಪದವಿಯೇ ರದ್ದಾಯಿತು. ೧೬೪೯ರಲ್ಲಿ ದೊರೆ ಒಂದನೆಯ ಚಾರ್ಲ್ಸನ ತಲೆಯೂ ಉರುಳಿತು. ೧೬೬೦ರಲ್ಲಿ ರಾಜತ್ವವು ಹಿಂದಿರುಗಿ, ೧೬೬೨ರಲ್ಲಿ ಪ್ರಾರ್ಥನಾ ಪುಸ್ತಕವು ಮತ್ತೆ ಕಡ್ಡಾಯವಾಯಿತು. ತನ್ನ ಊರಿನ ಗಡಿಯನ್ನು ಎಂದೂ ದಾಟದ ಒಬ್ಬ ಗ್ರಾಮಸ್ಥನು ಕೂಡ ಇಪ್ಪತ್ತು ವರ್ಷಗಳೊಳಗೆ, ಪೂಜಿಸತಕ್ಕ ಕ್ರಮ ಇದೇ ಎಂದು ಒಂದಕ್ಕೊಂದು ವಿರುದ್ಧವಾದ ರಾಜಾಜ್ಞೆಗಳನ್ನು ಕೇಳಬೇಕಾಯಿತು.

ಇದಕ್ಕೆ ಮುದ್ರಣಾಲಯವೂ ಜೊತೆಗೂಡಿತು. ೧೬೪೧ರಲ್ಲಿ ಹಳೆಯ ನಿಯಂತ್ರಣವು ಕುಸಿದ ಮೇಲೆ ಕಿರುಹೊತ್ತಗೆಗಳ ಮಹಾಪೂರವೇ ಹರಿಯಿತು. ಜಾರ್ಜ್ ಥಾಮಸನ್ ಎಂಬ ಲಂಡನ್ನಿನ ಪುಸ್ತಕವ್ಯಾಪಾರಿ ೧೬೪೦ರಿಂದ ೧೬೬೧ರವರೆಗೆ ಕೂಡಿಸಿಟ್ಟ ಇಂತಹ ಪ್ರಕಟಣೆಗಳೇ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು. ಪ್ರೆಸ್ಬಿಟೇರಿಯನರು, ಸ್ವತಂತ್ರ ಸಭೆಗಳವರು, ಬ್ಯಾಪ್ಟಿಸ್ಟರು ಮೊದಲಾದವರೆಲ್ಲರೂ ಬೈಬಲ್ಲಿನಿಂದಲೇ ವಾಕ್ಯಗಳನ್ನೆತ್ತಿ ಒಬ್ಬರನ್ನೊಬ್ಬರು ಖಂಡಿಸುತ್ತಿದ್ದರು. ಈ ಗದ್ದಲದ ನಡುವೆ, ಇರುವ ಯಾವ ಸಭೆಯೂ ನಿಜವಾದ ಸಭೆಯಲ್ಲವೆಂದು ಭಾವಿಸಿ, ದೇವರು ತಾನಾಗಿ ದಾರಿ ತೋರುವವರೆಗೆ ಕಾಯುವೆವೆಂದು ನಿಂತವರೂ ಇದ್ದರು. ಅವರಿಗೆ ‘ಅನ್ವೇಷಕರು’ ಎಂಬ ಹೆಸರು ಬಂದಿತು.

೩

ಜಾರ್ಜ್ ಫಾಕ್ಸನು ೧೬೨೪ರಲ್ಲಿ ಲೆಸ್ಟರ್‌ಷೈರಿನ ಒಂದು ಹಳ್ಳಿಯಲ್ಲಿ ನೇಕಾರನ ಮಗನಾಗಿ ಜನಿಸಿದನು. ಪಾದರಕ್ಷೆ ತಯಾರಿಸುವವನೊಬ್ಬನ ಬಳಿ ಕೆಲಸ ಕಲಿತನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ೧೬೪೩ರಲ್ಲಿ, ಮನಸ್ಸಿನ ತಳಮಳವನ್ನು ತಾಳಲಾರದೆ ಮನೆ ಬಿಟ್ಟು ಹೊರಟು, ಧರ್ಮಜ್ಞರೆನಿಸಿದವರ ಬಳಿಗೆ ಹೋಗಿ ತನ್ನ ಅಳಲನ್ನು ತೋಡಿಕೊಂಡನು. ಅವರಿತ್ತ ಉತ್ತರಗಳನ್ನು ಅವನು ತನ್ನ ಆತ್ಮವೃತ್ತಾಂತದಲ್ಲಿ ದಾಖಲಿಸಿದ್ದಾನೆ. ಒಬ್ಬ ಪಾದ್ರಿ ಹೊಗೆಸೊಪ್ಪು ಸೇದಿ ಕೀರ್ತನೆಗಳನ್ನು ಹಾಡೆಂದನು. ಇನ್ನೊಬ್ಬನು ತೋಟದಲ್ಲಿ ಮಾತನಾಡುತ್ತ ನಡೆದಾಗ ಫಾಕ್ಸನ ಕಾಲು ಹೂವಿನ ಪಾತಿಯ ಮೇಲೆ ಬಿದ್ದಿತೆಂದು ಕಿಡಿಕಿಡಿಯಾದನು. ಮತ್ತೊಬ್ಬನು ಔಷಧ ಕೊಟ್ಟು ರಕ್ತ ತೆಗೆಯಿಸಲು ಯತ್ನಿಸಿದನು. ಇಲ್ಲಿ ಗಮನಿಸಬೇಕಾದುದು ಪಾದ್ರಿಗಳ ಅಲ್ಪತನವನ್ನಲ್ಲ. ಸಿದ್ಧಾಂತದ ಸರಿತಪ್ಪುಗಳನ್ನು ಬಲ್ಲವರು ಹಲವರಿದ್ದರೂ ಎದುರಿಗೆ ನಿಂತ ಮನುಷ್ಯನ ಸ್ಥಿತಿಗೆ ತಾಕುವ ಮಾತು ಅವರಲ್ಲಿ ಇರಲಿಲ್ಲವೆಂಬುದೇ ಮುಖ್ಯ. ಹೊರಗಿನವರೆಲ್ಲರಲ್ಲಿಯೂ ಆಸೆ ಬತ್ತಿದ ಮೇಲೆ, ೧೬೪೭ರಲ್ಲಿ, ತನ್ನ ಸ್ಥಿತಿಯನ್ನರಿತು ಮಾತನಾಡಬಲ್ಲವನು ಕ್ರಿಸ್ತನೊಬ್ಬನೇ ಎಂಬ ಅರಿವು ತನ್ನೊಳಗೆ ಮೂಡಿತೆಂದು ಫಾಕ್ಸನು ಹೇಳುತ್ತಾನೆ. ದೈವಿಕವಾದ ಬೆಳಕೊಂದು ಪ್ರತಿಯೊಬ್ಬನ ಅಂತರಂಗದಲ್ಲಿಯೂ ಇರುವುದೆಂಬ ಕ್ವೇಕರ್ ತತ್ತ್ವಕ್ಕೆ ಇದು ಮೂಲ.

೧೬೫೨ರಲ್ಲಿ ಫಾಕ್ಸನು ಉತ್ತರ ಇಂಗ್ಲೆಂಡಿಗೆ ಹೋಗಿ ಫರ್‌ಬ್ಯಾಂಕ್ ಗುಡ್ಡದ ಮೇಲೆ ಉಪದೇಶ ಮಾಡಿದಾಗ ಕೇಳಿದವರಲ್ಲಿ ಅನೇಕರು ಮೇಲೆ ಹೇಳಿದ ಅನ್ವೇಷಕರು. ಹೀಗೆ ಕಾಯುವವರ ಕೂಟವೂ ಅಂತರ್ಜ್ಯೋತಿಯ ಉಪದೇಶವೂ ಒಂದಾಗಿ ಮಿತ್ರಸಮಾಜವು ರೂಪುಗೊಂಡಿತು. ಅವರ ಆರಾಧನೆಯಲ್ಲಿ ಪೀಠವಿಲ್ಲ, ಪಾದ್ರಿಯಿಲ್ಲ, ಗೊತ್ತಾದ ಪ್ರಾರ್ಥನೆಯಿಲ್ಲ, ರೊಟ್ಟಿ ದ್ರಾಕ್ಷಾರಸಗಳ ಬಾಹ್ಯ ಸಂಸ್ಕಾರವಿಲ್ಲ. ಎಲ್ಲರೂ ಕೂಡಿ ಸುಮ್ಮನೆ ಕುಳಿತು ಕಾಯುವರು. ಒಳಗಿನಿಂದ ನಿಜವಾದ ಪ್ರೇರಣೆಯಾಯಿತೆಂದು ತೋರಿದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ಮಾತನಾಡಬಹುದು. ಹೆಂಗಸರು ಸಭೆಯಲ್ಲಿ ಮಾತನಾಡುವುದನ್ನು ಸಮರ್ಥಿಸಿ ಮಾರ್ಗರೆಟ್ ಫೆಲ್ ೧೬೬೬ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದಳು. ಯಾರಿಗೂ ಪ್ರೇರಣೆಯಾಗದಿದ್ದರೆ ಆರಾಧನೆಯು ಮೌನದಲ್ಲಿಯೇ ಮೊದಲಾಗಿ ಮೌನದಲ್ಲಿಯೇ ಮುಗಿಯುವುದು. ಊಟದ ಮುಂಚೆ ಕೆಲವು ಕ್ಷಣ ಮೌನವಾಗಿದ್ದು ಕೃತಜ್ಞತೆ ಸಲ್ಲಿಸುವ ಅವರ ರೂಢಿಯೂ ಇದೇ ಭಾವನೆಯಿಂದ ಬೆಳೆದುದು.

ಮೌನವೆಂದೊಡನೆ ನಮ್ಮಲ್ಲಿಯ ಮೌನವ್ರತವು ನೆನಪಿಗೆ ಬರುವುದು ಸಹಜ. ಆದರೆ ಇವೆರಡನ್ನೂ ಒಂದೆಂದು ತಿಳಿಯಲಾಗದು. ಮೌನವ್ರತವು ಸಾಮಾನ್ಯವಾಗಿ ಒಬ್ಬ ವ್ಯಕ್ತಿ ವಾಕ್ಕನ್ನು ನಿಗ್ರಹಿಸುವ ನಿಯಮ. ಕ್ವೇಕರರದು ಸಮೂಹದ ಮೌನ. ಅದರ ಗುರಿ ಮಾತನ್ನು ತ್ಯಜಿಸುವುದಲ್ಲ, ಮಾತು ಹುಟ್ಟಬೇಕಾದ ನೆಲೆಯನ್ನು ಶೋಧಿಸುವುದು.

೪

ಈ ಮೌನಕ್ಕೆ ಶಾಸ್ತ್ರೀಯವಾದ ನಿರೂಪಣೆಯನ್ನಿತ್ತವನು ಸ್ಕಾಟ್ಲೆಂಡಿನ ರಾಬರ್ಟ್ ಬಾರ್ಕ್ಲೆ. ೧೬೪೮ರಲ್ಲಿ ಹುಟ್ಟಿದ ಅವನು ಬಾಲ್ಯದಲ್ಲಿ ಕ್ಯಾಲ್ವಿನ್ ಪಂಥದ ಕಟ್ಟುನಿಟ್ಟಿನ ವಾತಾವರಣದಲ್ಲಿ ಬೆಳೆದನು. ಅನಂತರ ಪ್ಯಾರಿಸಿನಲ್ಲಿ ತನ್ನ ಚಿಕ್ಕಪ್ಪನು ಅಧ್ಯಕ್ಷನಾಗಿದ್ದ ಕ್ಯಾಥೊಲಿಕ್ ವಿದ್ಯಾಲಯದಲ್ಲಿ ಓದಿದನು. ಎರಡು ವಿರುದ್ಧ ಬೋಧನೆಗಳನ್ನೂ ಒಳಗಿನಿಂದಲೇ ಬಲ್ಲವನಾಗಿದ್ದ ಈತನು ೧೬೬೬ರ ಸುಮಾರಿಗೆ ಕ್ವೇಕರನಾದನು. ೧೬೭೬ರಲ್ಲಿ ಲ್ಯಾಟಿನ್ ಭಾಷೆಯಲ್ಲಿಯೂ ೧೬೭೮ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾದ ಅವನ ‘ಸಮರ್ಥನೆ’ ಎಂಬ ಗ್ರಂಥವು ಹದಿನೈದು ಪ್ರತಿಜ್ಞೆಗಳಾಗಿ ವಿಭಾಗಗೊಂಡ ತರ್ಕಬದ್ಧವಾದ ಕೃತಿ. ಅಂತಹ ತಾರ್ಕಿಕನೇ, ತನ್ನನ್ನು ಒಲಿಸಿದುದು ತರ್ಕವಲ್ಲವೆಂದು ಹೇಳುತ್ತಾನೆ. ಮೌನವಾಗಿ ಕುಳಿತವರ ನಡುವೆ ತಾನೂ ಕುಳಿತಾಗ ತನ್ನೊಳಗಿನ ಕೇಡು ಕುಗ್ಗುವುದನ್ನೂ ಒಳಿತು ತಲೆಯೆತ್ತುವುದನ್ನೂ ಅವನು ಕಂಡುಕೊಂಡನು. ಹಲವು ದೀಪಗಳನ್ನು ಒಂದೆಡೆ ಇಟ್ಟಾಗ ಬೆಳಕು ಹೆಚ್ಚುವಂತೆ, ಕೂಡಿ ಕಾಯುವವರಲ್ಲಿ ಒಬ್ಬೊಬ್ಬರ ಅರಿವೂ ಹೆಚ್ಚುವುದೆಂಬುದು ಅವನ ಉಪಮಾನ.

ಒರೆಗಲ್ಲು ಬದಲಾದುದು ಇಲ್ಲಿಯೇ. ‘ಯಾವ ಬೋಧನೆ ಸರಿ?’ ಎಂಬ ಪ್ರಶ್ನೆಯ ಜೊತೆಗೆ ‘ಈ ಬೋಧನೆ ನನ್ನಲ್ಲಿ ಏನನ್ನು ಬೆಳೆಸುತ್ತಿದೆ?’ ಎಂಬ ಪ್ರಶ್ನೆಯೂ ಸೇರಿತು. ಮೊದಲನೆಯದಕ್ಕೆ ಗ್ರಂಥಪಾಂಡಿತ್ಯ ಬೇಕು. ಎರಡನೆಯದನ್ನು ಅಕ್ಷರ ಬಾರದವನೂ ತನ್ನನ್ನು ತಾನು ಕೇಳಿಕೊಳ್ಳಬಲ್ಲನು. ಆದರೆ ಗದ್ದಲದಲ್ಲಿ ಅದರ ಉತ್ತರ ಕೇಳಿಸದು. ಮೌನವು ಅಗತ್ಯವಾದುದು ಅದಕ್ಕಾಗಿ.

ಆದರೂ ಒಳಗಿನಿಂದ ಬಂದ ಧ್ವನಿಯೆಲ್ಲವೂ ದೇವರದೇ ಎಂದು ಹೇಳುವುದೆಂತು? ಈ ಆಕ್ಷೇಪಣೆಗೆ ಚರಿತ್ರೆಯೇ ಒಂದು ದಾರುಣವಾದ ನಿದರ್ಶನವನ್ನು ಒದಗಿಸಿತು. ಫಾಕ್ಸನಷ್ಟೇ ಪ್ರಭಾವಶಾಲಿಯಾಗಿದ್ದ ಜೇಮ್ಸ್ ನೇಯ್ಲರನು ೧೬೫೬ರಲ್ಲಿ, ಯೇಸು ಜೆರೂಸಲೇಮನ್ನು ಪ್ರವೇಶಿಸಿದುದನ್ನು ನೆನಪಿಗೆ ತರುವಂತೆ, ಜಯಘೋಷ ಮಾಡುವ ಅನುಯಾಯಿಗಳೊಡನೆ ಕುದುರೆಯ ಮೇಲೆ ಬ್ರಿಸ್ಟಲ್ ನಗರವನ್ನು ಹೊಕ್ಕನು. ಅದು ಒಳಗಿನ ಕ್ರಿಸ್ತನ ಸಂಕೇತವೆಂಬುದು ಅವನ ವಾದ. ದೈವದೂಷಣೆಯೆಂಬುದು ಪಾರ್ಲಿಮೆಂಟಿನ ತೀರ್ಪು. ಅವನಿಗೆ ಚಾವಟಿಯೇಟು ಹಾಕಿ, ಹಣೆಗೆ ಬರೆಯಿಟ್ಟು, ಕಾದ ಕಬ್ಬಿಣದಿಂದ ನಾಲಗೆಯನ್ನು ತೂತುಮಾಡಿ, ಸೆರೆಯಲ್ಲಿಟ್ಟರು. ಶಿಕ್ಷೆಯ ಕ್ರೌರ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ಒಬ್ಬನ ಅಂತರ್ಜ್ಯೋತಿಯನ್ನು ಹಲವರ ಮೌನದಲ್ಲಿ ಪರೀಕ್ಷಿಸಬೇಕೆಂಬ ಪಾಠವನ್ನು ಕ್ವೇಕರರು ಈ ಘಟನೆಯಿಂದ ಕಲಿತರು. ಮುಂದೆ ೧೬೬೦ರ ದಶಕದ ಕೊನೆಯಲ್ಲಿ ಫಾಕ್ಸನು ಊರೂರಿಗೂ ಮಾಸಿಕ ಸಭೆಗಳನ್ನು ಏರ್ಪಡಿಸಿದುದಕ್ಕೆ ಇದೂ ಒಂದು ಕಾರಣ.

ಮೌನವು ಹೊರಗಿನ ಪರೀಕ್ಷೆಯನ್ನೂ ಎದುರಿಸಬೇಕಾಯಿತು. ೧೬೬೪ರ ಕಾನೂನು, ಮನೆಯವರಲ್ಲದೆ ಐವರು ಅಥವಾ ಅದಕ್ಕಿಂತ ಹೆಚ್ಚು ಜನ ರಾಜಸಮ್ಮತವಲ್ಲದ ಆರಾಧನೆಗೆ ಸೇರುವುದನ್ನು ಅಪರಾಧವೆಂದು ವಿಧಿಸಿತು. ಸಾವಿರಾರು ಕ್ವೇಕರರು ಸೆರೆಮನೆಗೆ ಹೋದರು. ನೂರಾರು ಜನ ಅಲ್ಲಿಯೇ ಸತ್ತರು. ಇತರ ಪಂಥದವರು ಗುಟ್ಟಾಗಿ ಸೇರುತ್ತಿದ್ದ ಕಾಲದಲ್ಲಿ ಇವರು ಬಾಗಿಲು ತೆರೆದಿಟ್ಟೇ ಕುಳಿತರು. ೧೬೮೨ರಲ್ಲಿ ಬ್ರಿಸ್ಟಲಿನ ದೊಡ್ಡವರೆಲ್ಲ ಸೆರೆಗೆ ಬಿದ್ದಾಗ ಮಕ್ಕಳೇ ಕೂಡಿ ಆರಾಧನೆಯನ್ನು ನಡೆಸಿಕೊಂಡು ಬಂದರು. ಪಾದ್ರಿಯನ್ನೂ ಗ್ರಂಥವನ್ನೂ ಅವಲಂಬಿಸದ ಆರಾಧನೆಯಾದುದರಿಂದಲೇ ಇದು ಸಾಧ್ಯವಾಯಿತು.

೫

ಮೌನದ ಹಾದಿಗೆ ಪೂರಕವಾಗಿ, ರಾಜಸಮ್ಮತವಾದ ಸಭೆಯ ಒಳಗೇ ನಿಂತು, ಇನ್ನೊಂದು ಹಾದಿಯನ್ನು ಕಂಡವನು ಥಾಮಸ್ ಟ್ರಹರ್ನ್. ಅವನು ೧೬೩೭ರ ಸುಮಾರಿಗೆ ಹೆರಿಫರ್ಡ್ ನಗರದಲ್ಲಿ ಪಾದರಕ್ಷೆ ತಯಾರಿಸುವವನ ಮಗನಾಗಿ ಹುಟ್ಟಿದನು. ಬಾಲಕನಾಗಿದ್ದಾಗಲೇ, ೧೬೪೫ರಲ್ಲಿ, ಆ ನಗರವು ಮುತ್ತಿಗೆಗೆ ಒಳಗಾಗಿ ಪಾರ್ಲಿಮೆಂಟಿನ ಕೈಸೇರಿತು. ಆಕ್ಸ್‌ಫರ್ಡಿನಲ್ಲಿ ಓದಿದ ಮೇಲೆ ಅವನು ಕ್ರೆಡೆನ್‌ಹಿಲ್ ಎಂಬ ಹಳ್ಳಿಯ ಪಾದ್ರಿಯಾದನು, ೧೬೭೪ರಲ್ಲಿ ತೀರಿಕೊಂಡನು. ವಾದದ ರುಚಿ ಅವನಿಗೆ ತಿಳಿಯದೆ ಇರಲಿಲ್ಲ. ಅವನ ಜೀವಿತಕಾಲದಲ್ಲಿ ಪ್ರಕಟವಾದ ಏಕಮಾತ್ರ ಗ್ರಂಥವು, ೧೬೭೩ರಲ್ಲಿ ಬಂದ, ರೋಮನ್ ಸಭೆಯ ದಾಖಲೆಗಳನ್ನು ಖಂಡಿಸುವ ಕೃತಿ. ಆದರೆ ಅವನ ಹೃದಯವಿದ್ದುದು ಹಸ್ತಪ್ರತಿಯಾಗಿಯೇ ಉಳಿದ ‘ಧ್ಯಾನಶತಕಗಳು’ ಎಂಬ ಗದ್ಯಕೃತಿಯಲ್ಲಿ. ಅದು ೧೮೯೬–೯೭ರ ಚಳಿಗಾಲದಲ್ಲಿ ಲಂಡನ್ನಿನ ಬೀದಿಯಲ್ಲಿ ಹಳೆಯ ಪುಸ್ತಕಗಳ ನಡುವೆ ಸಿಕ್ಕಿ, ೧೯೦೮ರಲ್ಲಿ ಬೆಳಕು ಕಂಡಿತು.

ಗಾಳಿ, ಬೆಳಕು, ನೀರು, ನಮ್ಮ ಕಣ್ಣು ಕೈಗಳು ಎಲ್ಲರಿಗೂ ದೊರೆತಿರುವುದರಿಂದಲೇ ನಾವು ಅವುಗಳಿಗೆ ಬೆಲೆ ಕೊಡುವುದಿಲ್ಲ. ಕೆಲವರಿಗೆ ಮಾತ್ರ ಸಿಕ್ಕುವ ಚಿನ್ನಕ್ಕೆ ಬೆಲೆ ಕೊಡುತ್ತೇವೆ. ಇದು ಮಗುವಿಗೆ ಇಲ್ಲದ, ರೂಢಿಯಿಂದ ಕಲಿತ ಕುರುಡು ಎಂಬುದು ಟ್ರಹರ್ನನ ವಿಚಾರದ ತಿರುಳು. ಅವನು ತನ್ನ ಒಂದು ಕವಿತೆಯಲ್ಲಿ ಮಾತು ಬಾರದ ಶೈಶವವನ್ನು ಕೊಂಡಾಡಿರುವುದೂ ಇದಕ್ಕಾಗಿಯೇ. ಇತರರ ಮಾತು ಕಿವಿಗೆ ಬೀಳುವ ಮುನ್ನ ಜಗತ್ತು ನೇರವಾಗಿ ದಾನವಾಗಿಯೇ ಕಾಣುತ್ತಿದ್ದಿತು. ಹೀಗೆ ಕೃತಜ್ಞತೆಯ ಬೇರು ಅವನಲ್ಲಿಯೂ ಮೌನಕ್ಕೇ ಮುಟ್ಟುತ್ತದೆ. ಸಂಸ್ಕಾರದ ಮೇಜಿನ ಬಳಿ ಮಾತ್ರ ಸಲ್ಲುತ್ತಿದ್ದ ಸ್ತೋತ್ರವನ್ನು ಅವನು ಸೃಷ್ಟಿಯೆಲ್ಲಕ್ಕೂ ವಿಸ್ತರಿಸಿದನು. ಇದಕ್ಕಾಗಿ ಅವನು ಬೆಲೆ ತೆರಲು ಸಿದ್ಧನಾಗಿದ್ದನು. ವರ್ಷಕ್ಕೆ ಹತ್ತು ಪೌಂಡಿನಲ್ಲಿ, ತೊಗಲಿನ ಉಡುಪು ತೊಟ್ಟು, ರೊಟ್ಟಿ ನೀರುಗಳಿಂದ ಬದುಕಿದರೂ ಸರಿ, ಆನಂದದ ಶೋಧನೆಗೆ ಕಾಲವೆಲ್ಲ ತನ್ನದಾಗಿರಲೆಂದು ಅವನು ಬಯಸಿದನು. ತೊಗಲಿನ ಉಡುಪು ತೊಟ್ಟು ದೇಶ ಸುತ್ತಿದ ಫಾಕ್ಸನನ್ನು ಇಲ್ಲಿ ನೆನೆಯಬಹುದು.

೬

ಈ ಎರಡು ಹಾದಿಗಳೂ ಮತಭೇದವನ್ನು ಪರಿಹರಿಸಲಿಲ್ಲ. ೧೬೮೯ರ ಸಹಿಷ್ಣುತಾ ಕಾನೂನು ಪ್ರಾಟೆಸ್ಟೆಂಟ್ ಪಂಥಗಳವರಿಗೆ ಪ್ರತ್ಯೇಕವಾಗಿ ಆರಾಧಿಸಲು ಅವಕಾಶವಿತ್ತಿತೇ ಹೊರತು, ಯಾರ ಸಿದ್ಧಾಂತ ಸರಿಯೆಂಬುದನ್ನು ತೀರ್ಮಾನಿಸಲಿಲ್ಲ. ಮೌನವೂ ಕೃತಜ್ಞತೆಯೂ ಮಾಡಿದುದು ಬೇರೆ ಕೆಲಸ. ತೀರ್ಮಾನವಾಗದ ವಾದದ ನಡುವೆಯೂ ಒಬ್ಬ ಮನುಷ್ಯನು ದೇವರ ಕಡೆಗೆ ತಿರುಗಿ ನಿಲ್ಲಬಹುದೆಂಬುದನ್ನು ಅವು ತೋರಿಸಿದುವು.

ಎರಡಕ್ಕೂ ಪರಸ್ಪರ ಅಗತ್ಯವಿದೆಯೆಂಬುದು ನಮ್ಮ ಪರಿಶೀಲನೆಯ ಫಲಿತಾಂಶ. ಕೃತಜ್ಞತೆಯಿಲ್ಲದ ಮೌನದಲ್ಲಿ, ನೇಯ್ಲರನ ಪ್ರಸಂಗದಂತೆ, ತನ್ನದೇ ಧ್ವನಿಯು ದೇವರ ಧ್ವನಿಯಾಗಿ ಕೇಳಿಸುವ ಅಪಾಯವುಂಟು. ತನಗಿರುವುದೆಲ್ಲ ಪಡೆದುದೆಂದು ಅರಿತವನಿಗೆ ಅಂತಹ ಭ್ರಮೆ ಅಷ್ಟು ಸುಲಭವಾಗಿ ಹತ್ತದು. ಮೌನವಿಲ್ಲದ ಕೃತಜ್ಞತೆಯೋ, ಸುಖವಾಗಿರುವವನ ಆತ್ಮತೃಪ್ತಿಯಾಗಿ ಇಳಿದುಹೋಗಬಹುದು. ನೆರೆಯವನು ಸೆರೆಯಲ್ಲಿರುವಾಗ ತನ್ನ ಹೊಲದ ಚೆಲುವಿಗೆ ಸ್ತೋತ್ರ ಹಾಡುವುದು ಕಷ್ಟವಾದ ಕೆಲಸವೇನೂ ಅಲ್ಲ. ಸ್ತೋತ್ರ ಮಾಡುವವನು ಒಮ್ಮೆ ಸುಮ್ಮನಾದರೆ ಮಾತ್ರ ಆ ನೆರೆಯವನ ದನಿ ಅವನಿಗೆ ಕೇಳಿಸೀತು. ವಿರುದ್ಧ ಬೋಧನೆಗಳನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಯು ಅವುಗಳ ವಾದಸರಣಿಯನ್ನು ತೂಗಿ ನೋಡುವುದು ಅವಶ್ಯ. ಅವು ತಮ್ಮ ಅನುಯಾಯಿಗಳ ಬಾಳಿನಲ್ಲಿ ಏನನ್ನು ಬೆಳೆಸಿದುವೆಂಬುದನ್ನು ಗಮನಿಸುವುದೂ ಅಷ್ಟೇ ಅವಶ್ಯ.