ಹುಲ್ಲಿಗೂ ಲೆಕ್ಕ ಇದೆ



ರಾಗಿಗೆ ಲೆಕ್ಕ ಇದೆ. ಸೇರು, ಕೊಳಗ ಅಂತ ಅಳೆಯುತ್ತೇವೆ. ಹಾಲಿಗೆ ಲೆಕ್ಕ ಇದೆ. ಡೇರಿಯಲ್ಲಿ ಲೀಟರ್ ಹಿಡಿದು ಬರೆಯುತ್ತಾರೆ. ಕುರಿಗಳ ಲೆಕ್ಕ ಬಾಯಲ್ಲೇ ಇದೆ. ಆದರೆ ಆ ಕುರಿ, ಆ ಹಸು ತಿನ್ನುವ ಹುಲ್ಲಿನ ಲೆಕ್ಕ ಇಟ್ಟವರು ಯಾರು?

"ಹುಲ್ಲು ತಾನೇ? ಮಳೆ ಬಂದ್ರೆ ಬರುತ್ತೆ, ಇಲ್ಲದಿದ್ರೆ ಇಲ್ಲ" ಅಂತ ಹೇಳಿಬಿಡುತ್ತೇವೆ. ಆದರೆ ಹುಲ್ಲಿನ ಹೊರೆ ಹೊರುವವರು ನಾವು. ಹುಲ್ಲು ದೂರ ಹೋದಷ್ಟೂ ನಮ್ಮ ನಡಿಗೆ ಉದ್ದವಾಗುತ್ತದೆ. ಆದ್ದರಿಂದ ಈ ಲೆಕ್ಕ ನಮಗೇ ಬೇಕು.

ಹುಲ್ಲು ಅಳೆಯುವ ನೌಕರಿ

ಅಮೆರಿಕ ದೇಶದಲ್ಲಿ ಹುಲ್ಲುಗಾವಲು ನೋಡಿಕೊಳ್ಳಲೆಂದೇ ಸರ್ಕಾರಿ ನೌಕರರು ಇದ್ದಾರೆ. ಅಲ್ಲಿ ಸರ್ಕಾರಿ ಜಮೀನಿನಲ್ಲಿ ದನ ಮೇಯಿಸಲು ಪರವಾನಗಿ ಬೇಕು. ಈ ನೌಕರರು ಬಯಲಲ್ಲಿ ನಡೆದು ಹುಲ್ಲು ಅಳೆಯುತ್ತಾರೆ. ಯಾವ ಹುಲ್ಲು ಹೆಚ್ಚಿತು, ಯಾವುದು ಕಡಿಮೆಯಾಯಿತು ಎಂದು ಬರೆದಿಡುತ್ತಾರೆ. ಎಷ್ಟು ದನ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಮೇಯಬಹುದು ಎಂದು ಹೇಳುತ್ತಾರೆ.

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಈ ಕೆಲಸ ಒಬ್ಬರ ಕೈಯಲ್ಲಿ ಇಲ್ಲ. ಗೋಮಾಳ ಕಂದಾಯ ಇಲಾಖೆಗೆ ಸೇರಿದ್ದು. ಕಾಡು ಅರಣ್ಯ ಇಲಾಖೆಯದು. ದನದ ಕಾಯಿಲೆ ನೋಡುವವರು ಪಶು ಡಾಕ್ಟರು. ಬದು, ಇಂಗುಗುಂಡಿ ಮಾಡಿಸುವುದು ಜಲಾನಯನ ಇಲಾಖೆ. ಮೇವಿನ ಸಂಶೋಧನೆಗೆ ಧಾರವಾಡದಲ್ಲಿ ಕೇಂದ್ರ ಸರ್ಕಾರದ ಒಂದು ಸಂಸ್ಥೆ ಇದೆ. ಒಬ್ಬೊಬ್ಬರಿಗೂ ಒಂದೊಂದು ತುಂಡು. ಇಡೀ ಗೋಮಾಳದ ಹುಲ್ಲು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಮೈಸೂರು ಅರಸರಿಗೆ ದೊಡ್ಡ ದನದ ಮಂದೆ ಇತ್ತು. ಅದಕ್ಕೆ ಬೆಣ್ಣೆ ಚಾವಡಿ ಅಂತ ಹೆಸರು. ಟಿಪ್ಪು ಸುಲ್ತಾನ್ ಅದನ್ನು ಅಮೃತ ಮಹಲ್ ಎಂದು ಕರೆದ. ಆ ದನಗಳಿಗೆ ಕಾವಲು ಬಿಟ್ಟಿದ್ದರು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು. ಒಂದು ಕಾವಲಿನಲ್ಲಿ ದನ ಮೇಯುವಾಗ ಇನ್ನೊಂದರಲ್ಲಿ ಹುಲ್ಲು ಚಿಗುರುತ್ತಿತ್ತು. ಇದೇ ಹುಲ್ಲುಗಾವಲಿನ ಮೊದಲ ಪಾಠ.

ಲೆಕ್ಕ ಮಾಡೋದು ಹೇಗೆ?

ಒಂದೊಂದು ಮೀಟರ್ ಉದ್ದದ 4 ಕಡ್ಡಿ ತನ್ನಿ. ಚೌಕ ಕಟ್ಟಿ. ಮಳೆಗಾಲ ಮುಗಿದ ಮೇಲೆ ಗೋಮಾಳದ 10 ಕಡೆ ಆ ಚೌಕ ಇಡಿ. ಹುಲ್ಲು ಚೆನ್ನಾಗಿರುವ ಕಡೆ ಮಾತ್ರ ಇಟ್ಟರೆ ಲೆಕ್ಕ ತಪ್ಪುತ್ತದೆ. ಬೋಳು ಕಡೆಯೂ ಇಡಬೇಕು. ಚೌಕದೊಳಗೆ ದನ, ಕುರಿ ತಿನ್ನುವ ಹುಲ್ಲನ್ನು ಮಾತ್ರ ಕುಡುಗೋಲಿನಿಂದ ಕೊಯ್ಯಿರಿ. ಬಿಸಿಲಿಗೆ ಒಣಗಿಸಿ. ಎಲ್ಲವನ್ನೂ ಸೇರಿಸಿ ತೂಕ ಮಾಡಿ.

10 ಚೌಕದ ಹುಲ್ಲು 1 ಕಿಲೋ ಬಂತು ಅಂತ ಇಟ್ಟುಕೊಳ್ಳೋಣ. ಅಂದರೆ ಒಂದು ಚೌಕಕ್ಕೆ 100 ಗ್ರಾಂ. ಒಂದು ಎಕರೆಯಲ್ಲಿ ಇಂಥ ಚೌಕ ಸುಮಾರು 4,000. ಹಾಗಾದರೆ ಎಕರೆಗೆ 400 ಕಿಲೋ ಒಣಹುಲ್ಲು. ಅದರಲ್ಲಿ ಅರ್ಧ ಮೇಯಲಿ. ಅರ್ಧ ನೆಲದಲ್ಲೇ ಉಳಿಯಲಿ. ಮೇಯಲು ಸಿಕ್ಕಿದ್ದು 200 ಕಿಲೋ.

ಒಂದು ಕುರಿಗೆ ದಿನಕ್ಕೆ ಸುಮಾರು 1 ಕಿಲೋ ಒಣಹುಲ್ಲು ಬೇಕು. ಈ ಒಂದು ಎಕರೆಯಲ್ಲಿ 20 ಕುರಿ 10 ದಿನ ಮೇಯಬಹುದು. ನಾಟಿ ಹಸುವಿಗೆ ದಿನಕ್ಕೆ ಸುಮಾರು 6 ಕಿಲೋ ಬೇಕು. ಒಂದು ಹಸುವಿಗೆ ಅದು ಒಂದು ತಿಂಗಳ ಮೇವು.

"ಅರ್ಧ ಯಾಕೆ ಬಿಡಬೇಕು? ಇರೋದೇ ಕಡಿಮೆ" ಅಂತ ಕೇಳಬಹುದು. ಎಲೆ ಅಂದರೆ ಗಿಡದ ಅಡುಗೆಮನೆ. ಎಲೆ ಪೂರ್ತಿ ಹೋದರೆ ಬೇರಿಗೆ ಊಟ ಇಲ್ಲ. ಬೇರು ಸೊರಗಿದ ಹುಲ್ಲು ಮುಂದಿನ ಮಳೆಗೆ ಚೆನ್ನಾಗಿ ಚಿಗುರುವುದಿಲ್ಲ. ಬೋಳು ನೆಲದ ಮೇಲೆ ಮಳೆ ನೀರು ನಿಲ್ಲುವುದಿಲ್ಲ. ಮಣ್ಣನ್ನೂ ಎಳೆದುಕೊಂಡು ಕೆರೆಗೆ ಹೋಗುತ್ತದೆ. ಆಮೇಲೆ ದನ ಮುಟ್ಟದ ಲಂಟಾನ, ಕಾಂಗ್ರೆಸ್ ಗಿಡ ಬರುತ್ತವೆ. ಬಳ್ಳಾರಿ ಜಾಲಿಯೂ ಬರುತ್ತದೆ. ಅದರ ಕಾಯಿಯನ್ನು ಕುರಿ ತಿನ್ನುತ್ತದೆ. ಹಿಕ್ಕೆಯ ಜೊತೆ ಬೀಜ ಬಿದ್ದು ಬಯಲೆಲ್ಲ ಜಾಲಿ ಆಗುತ್ತದೆ.

ಹಾಗಂತ ತಪ್ಪು ಕುರಿಯದಲ್ಲ. ಕುರಿ ಕಾಯುವವರದೂ ಅಲ್ಲ. ಮೇಯುವ ಜಾಗವೇ ಚಿಕ್ಕದಾಗಿದೆ.

ನಮ್ಮ ಸೀಮೆಯ ಬಯಲು

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲಲ್ಲಿ ಕೃಷ್ಣಮೃಗಗಳಿವೆ. ಅಲ್ಲಿ 798 ಎಕರೆಯನ್ನು 2007ರಲ್ಲಿ ಸರ್ಕಾರ ಸಂರಕ್ಷಿತ ಪ್ರದೇಶ ಎಂದು ಸಾರಿತು. ಇಂಥ ಪ್ರದೇಶಕ್ಕೆ ಸಲಹಾ ಸಮಿತಿ ಇರಬೇಕು, ಅದರಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಇರಬೇಕು ಎಂದು ಕಾನೂನು ಹೇಳುತ್ತದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ಚಿಂಕಾರ ಅಂದರೆ ಒಂದು ಜಾತಿಯ ಚಿಕ್ಕ ಹುಲ್ಲೆ. ಹುಲ್ಲು ಬರೀ ದನಕರುಗಳದ್ದಲ್ಲ, ಇವುಗಳದ್ದೂ ಹೌದು.

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಇದೆ. 2018ರಲ್ಲಿ ಅಲ್ಲಿ ಕರೆಂಟ್ ಶುರುವಾಯಿತು. ಜಮೀನು ಇದ್ದವರಿಗೆ ಗುತ್ತಿಗೆ ಹಣ ಬರುತ್ತದೆ. ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದ, ಜಮೀನಿಲ್ಲದವರಿಗೆ ಏನು ಬರುತ್ತದೆ? ಬೇಲಿ ಬಂದ ಮೇಲೆ ಮೇವು ಸಿಗದೆ ಕುರಿ ಮಾರಿದವರೂ ಇದ್ದಾರೆ.

ಜಯಮಂಗಲಿ ನದಿ ಹುಟ್ಟುವುದು ದೇವರಾಯನದುರ್ಗದಲ್ಲಿ. ಕೊರಟಗೆರೆ, ಮಧುಗಿರಿ ದಾಟಿ ಹೋಗುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಹುಲ್ಲು ಇದ್ದರೆ ಮಣ್ಣು ನಿಲ್ಲುತ್ತದೆ. ಹುಲ್ಲು ಹೋದರೆ ಕೆರೆಯಲ್ಲಿ ಹೂಳು ತುಂಬುತ್ತದೆ.

ಕಾನೂನು ಏನು ಹೇಳುತ್ತದೆ?

1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ 97ನೇ ನಿಯಮ ಗೋಮಾಳದ್ದು. 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಸರ್ಕಾರಿ ಜಮೀನು ಬಿಡಬೇಕು ಎಂದು ಅದು ಹೇಳುತ್ತದೆ. ಗೋಮಾಳಕ್ಕೆ ಬಿಟ್ಟ ಜಮೀನನ್ನು ಜಿಲ್ಲಾಧಿಕಾರಿಯ ಅಪ್ಪಣೆ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಊರಿನ ಸಾಮಾನ್ಯ ಜಮೀನಿನ ಒತ್ತುವರಿ ತೆರವು ಮಾಡಿಸಿ ಊರಿಗೆ ವಾಪಸ್ ಕೊಡಲು ಯೋಜನೆ ಮಾಡಿ ಎಂದು 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು.

ನಾಡಕಚೇರಿಗೆ ಹೋಗಿ. ಗೋಮಾಳದ ಸರ್ವೆ ನಂಬರ್ ಹೇಳಿ ಪಹಣಿ ತೆಗೆಸಿ. ನೀವೇ ಓದಿ. ಎಷ್ಟು ಎಕರೆ ಎಂದು ಬರೆದಿದೆ? ಈಗ ನೆಲದ ಮೇಲೆ ಎಷ್ಟು ಉಳಿದಿದೆ? ಓದು ಬಲ್ಲವರಿಗೆ "ಅಲ್ಲಿ ಗೋಮಾಳ ಇಲ್ಲವೇ ಇಲ್ಲ" ಅಂತ ಹೇಳಿ ಕಳಿಸುವುದು ಕಷ್ಟ.

ನಾವು ಮಾಡಬಹುದಾದದ್ದು

ಗೋಮಾಳವನ್ನು 4 ಭಾಗ ಮಾಡಿ. ಮೊದಲ ಮಳೆಯಿಂದ ಹುಲ್ಲಿನ ಬೀಜ ಉದುರುವವರೆಗೆ ಒಂದು ಭಾಗಕ್ಕೆ ದನ, ಕುರಿ ಬಿಡಬೇಡಿ. ಬೀಜ ಉದುರಿದ ಮೇಲೆ ಕೊಯ್ದುಕೊಳ್ಳಿ. ಮುಂದಿನ ವರ್ಷ ಇನ್ನೊಂದು ಭಾಗ. ಕುರಿ ಇರುವ ಮನೆಯವರನ್ನು ಕೂರಿಸಿಕೊಂಡೇ ಈ ತೀರ್ಮಾನ ಮಾಡಬೇಕು. ಅವರನ್ನು ಬಿಟ್ಟು ಹಾಕಿದ ಬೇಲಿ ನಿಲ್ಲುವುದಿಲ್ಲ. ಬದುಗಳ ಮೇಲೆ ಸ್ಟೈಲೋ ಮೇವಿನ ಬೀಜ ಚೆಲ್ಲಬಹುದು. ತೀರ್ಮಾನವನ್ನು ಗ್ರಾಮಸಭೆಯಲ್ಲಿ ಹೇಳಿ, ಪುಸ್ತಕದಲ್ಲಿ ಬರೆಸಿ. ಬರೆದದ್ದನ್ನು ಓದಿ ನೋಡಿಯೇ ಸಹಿ ಹಾಕಿ.

ಕೂತು ಮಾತಾಡಿ

1. ನಮ್ಮೂರಲ್ಲಿ ಎಷ್ಟು ದನ, ಎಮ್ಮೆ, ಕುರಿ, ಮೇಕೆ ಇವೆ?
2. 10 ವರ್ಷದ ಹಿಂದೆ ಹುಲ್ಲಿಗೆ ಎಷ್ಟು ದೂರ ಹೋಗುತ್ತಿದ್ದೆವು? ಈಗ ಎಷ್ಟು ದೂರ?
3. ಈ ಸಲ ಯಾವ ಭಾಗವನ್ನು ಬಿಡೋಣ? ಕಾಯುವವರು ಯಾರು?