ವಿಮಾನದ ಒಳಗೋಡೆಗೆ ಪ್ರೈಮರ್ ಯಾಕೆ? ರಿವೆಟ್ ಹೊಡೆಯೋ ಮುಂಚೆ ಸಿಗೋ ಒಂದೇ ಚಾನ್ಸ್

ನಿಮ್ಮ ಮನೆ ಕಿಟಕಿ ಗ್ರಿಲ್‌ಗೆ ಪೇಂಟ್ ಮಾಡೋದನ್ನ ನೋಡಿರ್ತೀರ. ಮೊದಲು ಕೆಂಪಗಿರೋ ರೆಡ್ ಆಕ್ಸೈಡ್, ಆಮೇಲೆ ಬಣ್ಣ. ರೆಡ್ ಆಕ್ಸೈಡ್ ಬಿಟ್ಟರೆ ಕೆಲವೇ ಮಳೆಗಾಲದಲ್ಲಿ ತುಕ್ಕು. ಪರವಾಗಿಲ್ಲ, ಉಜ್ಜಿ ಮತ್ತೆ ಹೊಡೀಬಹುದು. ಆದರೆ ಆ ಲೋಹ ವಿಮಾನದ ರೆಕ್ಕೆಯ ಒಳಗಿದ್ರೆ?

ಅಮೆರಿಕದಲ್ಲಿ ಎಷ್ಟೋ ಜನ ತಮ್ಮ ಗ್ಯಾರೇಜಲ್ಲೇ ವಿಮಾನ ಕಟ್ತಾರೆ. ಒರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಕಿಟ್‌ಗಳಿಂದಲೇ 11,000ಕ್ಕೂ ಹೆಚ್ಚು ವಿಮಾನಗಳು ಹೀಗೆ ತಯಾರಾಗಿ ಹಾರಿವೆ. ಇವರ ನಡುವೆ ಮುಗಿಯದ ಒಂದು ಜಗಳ ಇದೆ: ಒಳಗೆ ಪ್ರೈಮರ್ ಬೇಕಾ, ಬೇಡ್ವಾ?

ಅಲ್ಯೂಮಿನಿಯಂ ಕೂಡ ಸವೆಯುತ್ತೆ

ಅಲ್ಯೂಮಿನಿಯಂಗೆ ತುಕ್ಕು ಎಲ್ಲಿ ಹಿಡಿಯುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಕೆಂಪು ತುಕ್ಕು ಬರಲ್ಲ, ಬಿಳಿ ಪುಡಿ ಬರುತ್ತೆ. ವಿಮಾನದಲ್ಲಿ ಬಳಸೋ 2024 ಅನ್ನೋ ಮಿಶ್ರಲೋಹಕ್ಕೆ ಬಲ ಬರಲಿ ಅಂತ ತಾಮ್ರ ಸೇರಿಸಿರ್ತಾರೆ. ಅದೇ ತಾಮ್ರದಿಂದ ಅದು ಬೇಗ ಸವೆಯುತ್ತೆ. ಅದಕ್ಕೇ ತಗಡಿನ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಅಂಟಿಸ್ತಾರೆ. ಇದರ ಹೆಸರು ಆಲ್‌ಕ್ಲ್ಯಾಡ್. 0.6 ಮಿ.ಮೀ. ತಗಡಲ್ಲಿ ಈ ಪದರ ತಲೆಕೂದಲಿಗಿಂತ ತೆಳು. ಕತ್ತರಿಸಿದ ಅಂಚು, ಕೊರೆದ ತೂತು, ಒಂದು ಗೀರು ಸಾಕು, ಒಳಗಿನ ಲೋಹ ಬಯಲಾಗುತ್ತೆ.

ನೀರು ಎಲ್ಲಿಂದ ಬರುತ್ತೆ? ರಾತ್ರಿ ತಂಪಾದಾಗ ಗಾಳಿಯ ತೇವ ರೆಕ್ಕೆಯ ಒಳಗೇ ಹನಿಗಟ್ಟುತ್ತೆ. ಸಮುದ್ರ ಹತ್ತಿರ ಇದ್ರೆ ಉಪ್ಪೂ ಸೇರುತ್ತೆ.

ಇದು ಎಲ್ಲಿಗೆ ಮುಟ್ಟಬಹುದು ಅನ್ನೋಕೆ ಒಂದು ದೊಡ್ಡ ವಿಮಾನದ ಕಥೆ ಇದೆ. 1988ರ ಏಪ್ರಿಲ್ 28. ಹವಾಯಿಯ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737, ವಯಸ್ಸು 19 ವರ್ಷ. 24,000 ಅಡಿ ಎತ್ತರದಲ್ಲಿ ಮುಂಭಾಗದ ಛಾವಣಿಯೇ ಕಿತ್ತುಹೋಯ್ತು. ಗಗನಸಖಿಯೊಬ್ಬರು ಜೀವ ಕಳಕೊಂಡರು. ತಗಡುಗಳ ಜೋಡಣೆಯ ಅಂಟು ಬಿಟ್ಟು, ಸಂದಿಯಲ್ಲಿ ತೇವ ಸೇರಿ ಲೋಹ ಸವೆದು, ರಿವೆಟ್ ತೂತುಗಳಲ್ಲಿ ಬಿರುಕು ಬೆಳೆದಿತ್ತು. ಸಾವಿರಾರು ಸಲ ಒಳಗಾಳಿಯ ಒತ್ತಡ ತಡೆದ ವಿಮಾನ ಅದು. ಮನೆಯಲ್ಲಿ ಕಟ್ಟೋ ಪುಟ್ಟ ವಿಮಾನಕ್ಕೆ ಆ ಒತ್ತಡ ಇರಲ್ಲ. ಆದರೆ ಕಾಣದ ಸಂದಿಯಲ್ಲಿ ಸದ್ದಿಲ್ಲದೆ ಸವೆಯೋ ರೀತಿ ಒಂದೇ.

ಹಾಗಿದ್ರೆ ಹೇಗೆ ಮಾಡ್ತಾರೆ?

ತೂತು ಕೊರೆದು, ಅಂಚು ನಯ ಮಾಡಿ, ರಿವೆಟ್ ತಲೆ ಕೂರೋ ತಗ್ಗು ಒತ್ತಿದ ಮೇಲೆ ಪ್ರೈಮರ್ ಸರದಿ. ಸ್ಕಾಚ್-ಬ್ರೈಟ್‌ನಿಂದ ಮೆಲ್ಲಗೆ ಉಜ್ಜಿ, ಅಸಿಟೋನ್‌ನಿಂದ ಜಿಡ್ಡು ಒರೆಸ್ತಾರೆ. ಆಮೇಲೆ ಬರಿಗೈಯಲ್ಲಿ ಮುಟ್ಟೋ ಹಾಗಿಲ್ಲ. ಬೆರಳ ಗುರುತಿನ ಎಣ್ಣೆ ಸಾಕು, ಪ್ರೈಮರ್ ಅಲ್ಲೇ ಸಿಪ್ಪೆ ಏಳುತ್ತೆ. ಎಷ್ಟು ದುಬಾರಿ ಪ್ರೈಮರ್ ತಂದ್ರೂ ಈ ತಯಾರಿ ಕೆಟ್ಟರೆ ದುಡ್ಡು ದಂಡ.

ಎರಡು ಡಬ್ಬಿ ಬೆರೆಸೋ ಎಪಾಕ್ಸಿ ಗಟ್ಟಿ, ಆದರೆ ಕೆಲಸ ಜಾಸ್ತಿ. ಸ್ಪ್ರೇ ಕ್ಯಾನ್‌ನ ಸೆಲ್ಫ್-ಎಚಿಂಗ್ ಸುಲಭ, ರಕ್ಷಣೆ ಕಮ್ಮಿ. ಕಾಕ್‌ಪಿಟ್‌ನಂಥ ಕಣ್ಣಿಗೆ ಬೀಳೋ ಜಾಗಕ್ಕೆ ಪ್ರೈಮರ್ ಮೇಲೆ ಬಣ್ಣವೂ ಬೇಕು, ಯಾಕಂದ್ರೆ ಅಲ್ಲಿ ಶೂ, ಬ್ಯಾಗ್ ತಾಗ್ತಾ ಇರುತ್ತೆ. ಹಳೇ ಕಾಲದ ಹಳದಿ-ಹಸಿರು ಜಿಂಕ್ ಕ್ರೋಮೇಟ್ ಒಳ್ಳೇ ಕಾವಲುಗಾರ, ಆದರೆ ಅದರ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಯಾವುದೇ ಸ್ಪ್ರೇ ಇರಲಿ, ಬಟ್ಟೆ ಮಾಸ್ಕ್ ಸಾಲಲ್ಲ. ಡಬ್ಬಿ ಮೇಲೆ ಹೇಳಿರೋ ರೆಸ್ಪಿರೇಟರ್ ಬೇಕೇ ಬೇಕು.

ಒಂದು ಜಾಗ ಮಾತ್ರ ಬರಿಯದಾಗೇ ಇರಬೇಕು: ರೆಕ್ಕೆಯೊಳಗಿನ ಇಂಧನ ಟ್ಯಾಂಕ್. ಅಲ್ಲಿ ಸೋರಿಕೆ ತಡೆಯೋ ಸೀಲೆಂಟ್ ಲೋಹಕ್ಕೇ ಹಿಡಿಯಬೇಕು.

ಬೇಡ ಅನ್ನೋರ ಲೆಕ್ಕವೂ ಸುಳ್ಳಲ್ಲ

ಪ್ರೈಮರ್‌ಗೂ ತೂಕ ಇದೆ. ದಪ್ಪಗೆ ಬಳಿದಷ್ಟೂ ವಿಮಾನ ಹೊರೋ ಸಾಮಾನು ಕಮ್ಮಿ. ಜೊತೆಗೆ ವಾರಗಟ್ಟಲೆ ಕೆಲಸ. ಹಳೆಯ ಎಷ್ಟೋ ಸೆಸ್ನಾಗಳು ಒಳಗೆ ಪ್ರೈಮರ್ ಇಲ್ಲದೇ ದಶಕಗಟ್ಟಲೆ ಹಾರಿವೆ. ಒಣಹವೆಯ ಊರಲ್ಲಿ ಶೆಡ್ ಒಳಗೇ ನಿಲ್ಲೋ ವಿಮಾನಕ್ಕೆ ಅವರ ವಾದ ಒಪ್ಪುತ್ತೆ. ಆದರೆ ವಿಮಾನ ಮಾರಾಟ ಆಗುತ್ತೆ. ನಾಳೆ ಕೊಂಡವರು ಕಡಲ ತೀರದವರಾದ್ರೆ?

ನಾನು ಬಿ.ಕಾಂ ಓದಿದವನು, ನನಗೆ ಇದು ಡಿಪ್ರಿಸಿಯೇಷನ್ ಲೆಕ್ಕದ ಹಾಗೇ ಕಾಣುತ್ತೆ. ಸವಕಳಿ ಪ್ರತಿ ವರ್ಷ ನಡೀತಾನೇ ಇರುತ್ತೆ, ನಾವು ಬರೆದರೂ ಬರೆಯದಿದ್ರೂ. ಬಾಕ್ಸ್ ಮುಚ್ಚಿ ಕೊನೇ ರಿವೆಟ್ ಬಿದ್ದ ಮೇಲೆ ಎಷ್ಟೋ ಸಂದಿಗೆ ಕೈ ತಲುಪೋದೇ ಇಲ್ಲ. ತೆಳ್ಳಗೆ ಒಂದು ಕೋಟ್, ಸರಿಯಾದ ಜಾಗಕ್ಕೆ, ಮುಚ್ಚೋ ಮುಂಚೆ. ಸಿಗೋಣ ಮುಂದಿನ ಎಪಿಸೋಡಲ್ಲಿ.